ಜೂನ್ ತಿಂಗಳಲ್ಲಿ ಮಂಜುಗಡ್ಡೆ

ಟ್ವೈಲಾ ಪಿಕೆಟ್‌ಗೆ ತನ್ನ ಮನೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಅಲ್ಲಿ ಏನೇನು ಇಲ್ಲ ಎಂಬುದು. ಊಟದ ಕೋಣೆ ಇಲ್ಲ, ಮಹಡಿ ಇಲ್ಲ, ನೆಂಟರು ಉಳಿಯುವ ಕೋಣೆಯಂತೂ ಇಲ್ಲವೇ ಇಲ್ಲ. ಚಕ್ರದ ಮೇಲೆ ನಿಂತ ಆ ಮನೆಯ ನೆಲವನ್ನು ಕಾಫಿ ಕಾಯುವಷ್ಟರಲ್ಲಿ ಗುಡಿಸಿ ಮುಗಿಸಬಹುದಿತ್ತು. ಓಕ್ಲಹೋಮಾದ ಶಾಲೆಯೊಂದರ ಅಡುಗೆಮನೆಯಲ್ಲಿ ಅವಳು ತಲೆ ನರೆಯುವವರೆಗೆ ಮಕ್ಕಳಿಗೆ ಬೇಯಿಸಿ ಬಡಿಸಿದ್ದಳು. ಸಂಜೆ ಮನೆಗೆ ಬಂದು ಮತ್ತೆ ಅದನ್ನೇ ಮಾಡಿದ್ದಳು. ಹಾಸಿಗೆ ಹಿಡಿದ ಅತ್ತೆಯನ್ನು ಕೊನೆಯವರೆಗೆ ನೋಡಿಕೊಂಡವಳೂ ಅವಳೇ. ಮನೆ ಮಾರಿ ಹಳೆಯ ಮೋಟರ್‌ಹೋಮ್ ಕೊಂಡ ದಿನ, ಇದ್ದಬದ್ದ ತಟ್ಟೆಗಳನ್ನೆಲ್ಲ ಚರ್ಚಿಗೆ ಕೊಟ್ಟು ಎರಡನ್ನು ಮಾತ್ರ ಉಳಿಸಿಕೊಂಡಳು. ಮೂರನೆಯವರು ಬಂದರೆ ಕಾಗದದ ತಟ್ಟೆ.

ಆ ಬೇಸಿಗೆ ಅವಳೂ ಗಂಡ ರಾಯ್ಸನೂ ಟೆಕ್ಸಸ್ ಕಡಲತೀರದಲ್ಲಿ, ಇಂಥ ಗಾಡಿಮನೆಗಳು ತಂಗುವ ಪಾರ್ಕೊಂದರಲ್ಲಿ ಗಾಡಿ ನಿಲ್ಲಿಸಿದ್ದರು. ಗಾಳಿಯನ್ನು ಹಿಂಡಿದರೆ ನೀರು ಸುರಿಯುವಂಥ ಜೂನ್. ಛಾವಣಿಯ ಏಸಿ ಬೆಳಿಗ್ಗೆ ಚೆನ್ನಾಗಿಯೇ ಊದುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಒಳಗೆಲ್ಲ ಮಂಜುಗಡ್ಡೆ ಕಟ್ಟಿ, ಉಬ್ಬಸದ ಮುದುಕನ ಹಾಗೆ ಏದುಸಿರು ಬಿಟ್ಟು ಸುಮ್ಮನಾಗುತ್ತಿತ್ತು. ಆಮೇಲೆ ಗಡ್ಡೆ ಕರಗಿ ಸೋಫಾದ ಮೇಲೆ ತೊಟತೊಟ.

ಗಾಡಿಮನೆಯವರು ಕೆಲಸಗಳಿಗೂ ಬಣ್ಣ ಬಳಿದಿದ್ದರು. ಒಳಗಿನ ಕೆಲಸ ಗುಲಾಬಿ, ಅದು ಹೆಂಗಸರದು. ಛಾವಣಿ, ಚಕ್ರ, ಕಕ್ಕಸಿನ ಟ್ಯಾಂಕು ಖಾಲಿ ಮಾಡುವುದು ನೀಲಿ, ಅದು ಗಂಡಸರದು. ನೀಲಿ ಕೆಲಸ ವಾರಕ್ಕೊಮ್ಮೆ ಬರುತ್ತಿತ್ತು. ಅದನ್ನು ನೋಡಲು ನಾಲ್ಕು ಜನ ಮಡಚುಕುರ್ಚಿ ತಂದು ಹಾಕಿಕೊಳ್ಳುತ್ತಿದ್ದರು. ಗುಲಾಬಿ ಕೆಲಸ ದಿನಕ್ಕೆ ಮೂರು ಹೊತ್ತೂ ಬರುತ್ತಿತ್ತು. ಅದಕ್ಕೆ ಯಾರೂ ಕುರ್ಚಿ ತಂದವರಿಲ್ಲ.

ಏಸಿ ಛಾವಣಿಯ ಮೇಲಿತ್ತಲ್ಲ, ಹಾಗಾಗಿ ನೀಲಿ. ರಾಯ್ಸ್ ಏಣಿ ಹತ್ತಿದ. ಪಕ್ಕದ ಗಾಡಿಯ ಗಾರ್ಲಂಡ್ ಕೆಳಗೆ ಕುರ್ಚಿ ಹಾಕಿಕೊಂಡು ಕೂತ.

"ಗ್ಯಾಸ್ ಹೋಗಿದೆ ಕಣೋ ರಾಯ್ಸ್."

"ಗ್ಯಾಸ್ ಹೋಗಿದ್ರೆ ಬೆಳಿಗ್ಗೆ ಹೆಂಗೋ ತಣ್ಣಗಿರತ್ತೆ?"

"ಬೆಳಿಗ್ಗೆ ಎಲ್ಲರೂ ತಣ್ಣಗೇ ಇರ್ತಾರಪ್ಪ. ನನ್ನ ಹೆಂಡ್ತೀನ ಮಧ್ಯಾಹ್ನ ನೋಡು."

ಗಾರ್ಲಂಡನ ಹೆಂಡತಿ ಓಫೀಲಿಯಾ ತನ್ನ ಕಿಟಕಿಯಿಂದಲೇ ಕೂಗಿದಳು: "ಮಧ್ಯಾಹ್ನ ಊಟ ಹಾಕೋಳೂ ಅವಳೇ, ಜ್ಞಾಪಕ ಇರ್ಲಿ!"

ಮೇಲಿನ ಮುಚ್ಚಳ ಬಿಚ್ಚಿದರು, ತೊಳೆದರು, ಒಳಗಿನ ತಗಡಿನ ಹಲ್ಲುಗಳನ್ನು ಬಾಚಿದರು. ಗಡ್ಡೆ ಕಟ್ಟುವುದು ನಿಲ್ಲಲಿಲ್ಲ. ಒಂದು ಸಂಜೆ ರಾಯ್ಸ್ ಬೆವರಿನಲ್ಲಿ ತೊಯ್ದು ಬಂದು, ಸೋಫಾದ ಒಣಗಿದ ತುದಿಯಲ್ಲಿ ಕುಸಿದ.

"ಸಾಕಾಯ್ತು ಕಣೇ. ಶನಿವಾರದೊಳಗೆ ಸರಿಹೋಗ್ಲಿಲ್ಲ ಅಂದ್ರೆ ಗಾಡಿ ಮಾರಿ ವೆಂಡೆಲ್ ಮನೆಗೆ ಹೋಗಿಬಿಡೋಣ. ಅಷ್ಟು ದೊಡ್ಡ ಮನೇಲಿ ಅವನೊಬ್ನೇ. ಮೂರು ಬಚ್ಚಲುಮನೆ!"

ವೆಂಡೆಲ್ ರಾಯ್ಸನ ಅಣ್ಣ. ಹೆಂಡತಿ ತೀರಿಕೊಂಡ ಮೇಲೆ ತುಲ್ಸಾದಲ್ಲಿ ಒಬ್ಬನೇ ಇದ್ದ. ಮೂರು ಬಚ್ಚಲುಮನೆ ಅಂದಾಗ ರಾಯ್ಸನ ಕಣ್ಣಿಗೆ ಬಿಸಿನೀರು ಕಂಡಿತ್ತು; ಟ್ವೈಲಾಳ ಕಣ್ಣಿಗೆ ಕಂಡಿದ್ದು ಕಮೋಡು ಉಜ್ಜುವ ಬ್ರಷ್ಷು.

"ಅವನೇನಂದ?" ಎಂದಳು.

"ಟ್ವೈಲಾ ಕೈಯಡುಗೆ ತಿಂದು ಯಾವ ಕಾಲ ಆಯ್ತೋ ಅಂದ, ಪಾಪ."

ಆ ಒಂದು 'ಪಾಪ'ದಲ್ಲಿ ತನ್ನ ಉಳಿದ ಆಯುಸ್ಸೆಲ್ಲ ಕರಗಿಹೋಗುವುದು ಅವಳಿಗೆ ಸ್ಪಷ್ಟವಾಗಿ ಕಂಡಿತು.

ಮರುದಿನ ಬೆಳಿಗ್ಗೆ ಗಂಡಸರಿಬ್ಬರೂ ಹೊಸ ಏಸಿ ವಿಚಾರಿಸಲು ಪೇಟೆಗೆ ಹೋದರು. ಬಿಸಿಲೇರಿ ಏಸಿ ಏದುಸಿರು ಬಿಡತೊಡಗಿದಾಗ ಟ್ವೈಲಾ ಓಫೀಲಿಯಾಳನ್ನು ಕರೆದು ಸ್ಟೂಲು ಹಿಡಿದುಕೊಳ್ಳಲು ಹೇಳಿ, ಹತ್ತಿ ನಿಂತಳು.

"ಇದು ನೀಲಿ ಕೆಲಸ ಅಲ್ವೇನೇ?"

"ನಾನು ಒಳಗೇ ನಿಂತಿದ್ದೀನಲ್ಲೇ. ಅವರು ಮೇಲಿಂದ ನೋಡಿದ್ರು, ನಾನು ಕೆಳಗಿಂದ ನೋಡ್ತೀನಿ."

ಏಸಿ ಕೋಣೆಯ ಗಾಳಿ ಎಳೆದುಕೊಳ್ಳುವ ಜಾಲರಿಗೆ ಅವಳು ಒಂದು ಟಿಶ್ಯೂ ಕಾಗದ ಹಿಡಿದಳು. ಅಂಟಿಕೊಳ್ಳಬೇಕಿದ್ದ ಕಾಗದ ಓಫೀಲಿಯಾಳ ತಲೆಯ ಮೇಲೆ ಬಿತ್ತು. ಟ್ವೈಲಾಳಿಗೆ ಶಾಲೆಯ ತಣ್ಣನೆ ಕೋಣೆ ನೆನಪಾಯಿತು: ಹಾಲಿನ ಕ್ರೇಟುಗಳನ್ನು ಫ್ಯಾನಿಗೆ ಅಡ್ಡ ಪೇರಿಸಿದರೆ ಅಲ್ಲೂ ಹೀಗೇ ಆಗುತ್ತಿತ್ತು. ಗಾಳಿ ಆಡದಿದ್ದರೆ ಕೊಳವೆಯ ತಂಪು ಎಲ್ಲಿಗೂ ಹೋಗಲಾರದೆ ಅಲ್ಲೇ ಗಡ್ಡೆ ಕಟ್ಟುತ್ತದೆ.

ಜಾಲರಿ ಬಿಚ್ಚಿದವಳು ಹಾಗೇ ನಿಂತಳು.

"ಏನೇ, ಹಾವು ಕಂಡಂಗೆ?"

"ಓಫೀಲಿಯಾ, ಇದು ನನ್ನದೇ ಘನಕಾರ್ಯ ಕಣೇ."

ಅಲ್ಲಿ ಕೂತಿದ್ದು ಒಂದು ದಪ್ಪ ಫಿಲ್ಟರು. ಚಳಿಗಾಲದ ಕೊನೆಯಲ್ಲಿ, ಧೂಳು ಒರೆಸಿ ಒರೆಸಿ ಸಾಕಾಗಿ, ತೆಳ್ಳನೆಯ ಸ್ಪಂಜು ತೆಗೆದು, ಮನೆಗಳಿಗೆ ಹಾಕುವ ಭಾರಿ ಫಿಲ್ಟರನ್ನು ಅಡುಗೆ ಕತ್ತರಿಯಲ್ಲಿ ಕತ್ತರಿಸಿ ಅವಳೇ ತುರುಕಿದ್ದಳು. ಈಗ ಅದು ಹಳೆಯ ಕಂಬಳಿಯಂತಾಗಿತ್ತು. ಓಫೀಲಿಯಾ ನಕ್ಕ ರಭಸಕ್ಕೆ ಸ್ಟೂಲು ಅಲ್ಲಾಡಿತು.

ತಂಪು ಆರಿಸಿ ಬರೀ ಫ್ಯಾನು ಓಡಿಸಿದರು. ಸೋಫಾದ ಮೇಲೆ ಓಫೀಲಿಯಾ ತಂದ ಬೇಕಿಂಗ್ ಟ್ರೇಗಳನ್ನು ಹರಡಿ, ಅವುಗಳಲ್ಲಿ ಬೀಳುವ ನೀರಿನ ಟಣಟಣ ಕೇಳುತ್ತ ಕಲ್ಲಂಗಡಿ ತಿಂದರು. ಗಡ್ಡೆ ಪೂರ್ತಿ ಕರಗಿದ ಮೇಲೆ ಹಳೆಯ ಸ್ಪಂಜನ್ನು ತೊಳೆದು ಒಣಗಿಸಿ ಹಾಕಿದಳು. ಏಸಿ ಜೋರಾಗಿ ಊದಿತು. ಮಧ್ಯಾಹ್ನದ ಬಿಸಿಲಿಗೂ ಬಗ್ಗಲಿಲ್ಲ.

ರಾಯ್ಸ್ ಬಂದ, ಬೆರಗಾದ, ಟಿವಿಯಲ್ಲಿ ಬೇಸ್‌ಬಾಲ್ ಹಾಕಿಕೊಂಡು ಒರಗಿದ. ಸಂಜೆ ಟ್ವೈಲಾ ಮತ್ತೆ ಕಾಗದ ಹಿಡಿದಳು. ಅದು ಸೋತು ಜೋತುಬಿತ್ತು. ಆಮೇಲೆ ಗುಂಡಿ ನೋಡಿದಳು: ಫ್ಯಾನು 'ಕಡಿಮೆ'ಯಲ್ಲಿತ್ತು.

"ಇದನ್ನ ತಿರುಗಿಸಿದ್ದು ಯಾರು?"

"ನಾನೇ. ದಿನಾ ಹಂಗೇ ಇಡ್ತೀನಲ್ಲ. ಜೋರಾಗಿದ್ರೆ ಟಿವಿ ಕೇಳ್ಸಲ್ಲ ಕಣೇ."

"ಈ ತೇವದ ಹವಾದಲ್ಲಿ ಗಾಳಿ ಕಡಿಮೆ ಮಾಡಿದ್ರೆ ಗಡ್ಡೆ ಕಟ್ಟದೆ ಇನ್ನೇನು ಕಟ್ಟತ್ತೆ, ಬಾಸಿಂಗನಾ?"

"ಅಂದ್ರೆ ತಪ್ಪು ನಂದಾ?"

"ಅರ್ಧ. ದಪ್ಪ ಫಿಲ್ಟರ್ ನಂದು, ಸಣ್ಣ ಗಾಳಿ ನಿಂದು. ಇಬ್ರೂ ಸೇರಿ ಅದರ ಕತ್ತು ಹಿಸುಕಿದ್ದೀವಿ." ಅವಳು ಗುಂಡಿಯನ್ನು 'ಜೋರು'ಗೆ ತಿರುಗಿಸಿದಳು. "ಆದ್ರೆ ನಾನು ಯಾಕೆ ಹಿಸುಕಿದೆ ಗೊತ್ತಾ? ಈ ಮನೆ ಧೂಳು ಒರೆಸೋಳು ನಾನೊಬ್ಳೇ ಅಂತ. ತೆಳ್ಳನೆ ಸ್ಪಂಜಿದ್ರೆ ಧೂಳು ಬಂದೇ ಬರತ್ತೆ ರಾಯ್ಸ್. ಇನ್ಮೇಲೆ ಅದರಲ್ಲೂ ಅರ್ಧ ನಿಂದು."

ರಾಯ್ಸ್ ಟಿವಿ ನೋಡಿದ, ಜಾಲರಿ ನೋಡಿದ, ಹೆಂಡತಿಯನ್ನು ನೋಡಿದ. "ಯಾವ ಬಟ್ಟೇಲಿ ಒರೆಸ್ಬೇಕು?" ಎಂದು ಕೇಳಿದ.

ಶನಿವಾರದವರೆಗೂ ಒಂದು ಚೂರು ಗಡ್ಡೆ ಕಟ್ಟಲಿಲ್ಲ. ಅವತ್ತು ರಾಯ್ಸ್ ತಾನೇ ತುಲ್ಸಾಕ್ಕೆ ಫೋನು ಮಾಡಿ, ಸ್ಪೀಕರಿಗೆ ಹಾಕಿದ.

"ಬರಲ್ಲ ಅಣ್ಣ. ಏಸಿ ಸರಿಹೋಯ್ತು."

"ಥೂ! ಫ್ರೀಜರ್ ತುಂಬ ಮಾಂಸ ತಂದಿಟ್ಟಿದ್ದೀನಲ್ಲೋ. ಅದನ್ನ ಇನ್ಯಾರು ಬೇಯಿಸ್ತಾರೆ?"

ಅಣ್ಣನ ಮಾತನ್ನು ರಾಯ್ಸ್ ಮೊದಲ ಸಲ ಪೂರ್ತಿ ಕೇಳಿಸಿಕೊಂಡಂತಿತ್ತು. ಕಿವಿ ಕೆಂಪಗಾಯಿತು. "ಒಲೆ ನಿನ್ನ ಮನೇಲೇ ಇದೆಯಲ್ಲ ವೆಂಡೆಲ್," ಎಂದ.

ಟ್ವೈಲಾ ಫೋನು ಈಸಿಕೊಂಡಳು. ತಂಗಾಳಿಯ ಕೆಳಗೆ ಸೋಫಾದ ಮೇಲೆ ಕಾಲು ಚಾಚಿದಳು.

"ವೆಂಡೆಲ್, ಒಂದು ಈರುಳ್ಳಿ ತಗೋ. ಹೂಂ, ಈಗ್ಲೇ. ಸಿಪ್ಪೆ ಸುಲಿದು ಹೆಚ್ಚು. ನಾನು ಲೈನಲ್ಲೇ ಇರ್ತೀನಿ."

ಬಹಳ ಹೊತ್ತು ಆ ಕಡೆಯಿಂದ ಡ್ರಾಯರು ಎಳೆದು ಮುಚ್ಚುವ ಸದ್ದಷ್ಟೇ ಬಂತು.

"ಟ್ವೈಲಾ," ಎಂದ ವೆಂಡೆಲ್ ಕೊನೆಗೆ, "ಈ ಮನೇಲಿ ಚಾಕು ಎಲ್ಲಿರತ್ತೆ?"

"ನಿನ್ನ ಮನೆ ಕಣಪ್ಪ," ಎಂದಳು ಟ್ವೈಲಾ. "ಹುಡುಕು. ನನಗೇನೂ ಅವಸರ ಇಲ್ಲ."