ಕಚ್ಚೆ ಸೀರೆ, ಮುರುಮಿನ ದಾರಿ

ಮೊನ್ನೆ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕುತ್ತಿದ್ದಾಗ ನಮ್ಮ ಗೇಟಿನ ಮುಂದೆ ನಾಲ್ಕಾರು ಸೈಕಲ್ಲುಗಳು ಬಂದು ನಿಂತವು. ಸವಾರರ ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಬಣ್ಣದ ಕನ್ನಡಕ. ಸೈಕಲ್ಲಿಗೆ ಟ್ರ್ಯಾಕ್ಟರ್ ಗಾಲಿಯ ಮರಿಗಳಂಥ ದಪ್ಪ ಟಯರು. ನಿಪ್ಪಾಣಿ ಕಡೆಯಿಂದ ಬಂದು ಕಾಗವಾಡಕ್ಕೆ ಹೊರಟವರಂತೆ. ಅವರಲ್ಲಿದ್ದ ಒಬ್ಬ ಹುಡುಗಿ ನೀರು ಕುಡಿದು ಬಾಯಿ ಒರೆಸಿಕೊಂಡು ಕೇಳಿದಳು:

"ಆಂಟೀ, ಹೊಳಿ ದಂಡಿಗುಂಟ ಹಳೇ ದಾರಿ ಏನರ ಐತೇನ್ರಿ?"

"ಮುಂದ ಡಾಂಬರ ರಸ್ತೆನ ಐತೆಲ್ಲವ್ವಾ. ಛಲೋ ಐತಿ."

"ಡಾಂಬರ ಬ್ಯಾಡ್ರಿ. ನಮಗ ಮುರುಮಿನ ದಾರಿನ ಬೇಕ್ರಿ."

ನಾನು ಕೊಡ ಕೆಳಗಿಟ್ಟೆ. ಮುರುಮು ಎಂದರೆ ಗೊತ್ತಲ್ಲ, ಮಣ್ಣೋ ಖಡಿಕಲ್ಲೋ ಎಂದು ಕೊನೆಯವರೆಗೂ ತೀರ್ಮಾನವಾಗದೆ ಉಳಿದ ಆ ಕೆಂಪು ಹರಳು. ನಮ್ಮೂರಿಗೆ ಡಾಂಬರು ಬರಲೆಂದು ಓಡಾಡಿ ಓಡಾಡಿಯೇ ನಮ್ಮ ಮಾವನವರ ಚಪ್ಪಲಿ ಸವೆದಿದ್ದವು. ಮುರುಮೇ ಬೇಕೆಂದು ಹುಡುಕಿಕೊಂಡು ಬಂದವರನ್ನು ನಾನು ಕಂಡದ್ದು ಇದೇ ಮೊದಲು. "ಕಾಲುವಿ ದಾಟ್ರಿ, ಬಿದ್ದ ವಾಡೇದ ಗ್ವಾಡಿ ಬರತೈತಿ, ಅದರ ಮುಂದ ಕುದುರಿ ಕಲ್ಲ. ಅಲ್ಲಿ ಎಡಕ್ಕ ಹೊಳ್ಳ್ರಿ" ಎಂದು ದಾರಿ ಹೇಳಿದೆ. ಅವರು ಕೈ ಬೀಸಿ ಹೋದರು. ಹೋದ ಮೇಲೆ ನೆನಪಾಯಿತು: ನಾನು ಆ ಕಲ್ಲು ನೋಡಿ ಎಷ್ಟು ವರ್ಷವಾಯಿತು! ಅದು ಅಲ್ಲಿ ಇದೆಯೋ ಇಲ್ಲವೋ?

ನಾನು ಬೆಳಗಾವಿಯವಳು, ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿಯ ಸಿಸ್ಟರುಗಳು ನಮಗೆ ಸದ್ದಿಲ್ಲದೆ ಊಟ ಮಾಡುವುದನ್ನು, ಮೊಣಕಾಲು ಕೂಡಿಸಿ ಕೂಡುವುದನ್ನು ಕಲಿಸಿದ್ದರು. ಸೈಕಲ್ಲನ್ನು ನಾನೇ ಕಲಿತಿದ್ದೆ. ಎಂಬತ್ತರ ದಶಕದ ಕೊನೆಯಲ್ಲಿ ರಾಯಬಾಗ ತಾಲೂಕಿನ ಈ ಕಬ್ಬಿನ ಮನೆಗೆ ಸೊಸೆಯಾಗಿ ಬಂದಾಗ ನನ್ನ ಸೀರೆಯ ನೆರಿಗೆಗಳು ಹೊಸ ಪುಸ್ತಕದ ಹಾಳೆಗಳಂತಿದ್ದವು. ಅಂಥ ಸೀರೆಯಲ್ಲಿ ಹೊಲದ ಬದು ಹಾರಲಾಗದು, ಹೊರೆ ಎತ್ತಲಾಗದು. ಅತ್ತೆ ಉಡುತ್ತಿದ್ದದ್ದು ಇಳಕಲ್ ಸೀರೆ. ಕಾಲ ನಡುವೆ ಹಾಯಿಸಿ ಹಿಂದೆ ಸಿಕ್ಕಿಸುವ ಕಚ್ಚೆ. ಅದು ಮುದುಕಿಯರ ಉಡಿಗೆ ಎಂದು ನನ್ನ ಜಾಣ ಮನಸ್ಸು ಆಗಲೇ ಬರೆದಿಟ್ಟುಕೊಂಡಿತ್ತು.

ಹಾವಿಗೂ ಹೆದರದ ಅತ್ತೆ ಹೆದರುತ್ತಿದ್ದದ್ದು ಬಸ್ಸಿಗೆ. ಡೀಸೆಲ್ಲಿನ ವಾಸನೆ ಮೂಗಿಗೆ ಬಡಿದರೆ ಸಾಕು, ವಾಂತಿ. ಒಮ್ಮೆ ಚಿಕ್ಕೋಡಿಯ ಮದುವೆಗೆ ನಿಂಬೆಹಣ್ಣು ಮೂಸುತ್ತ ಹೋದವರು, ಅಕ್ಷತೆ ಬೀಳುವ ಹೊತ್ತಿಗೂ ಬೀಗರ ಮನೆಯ ಜಗಲಿಯ ಮೇಲೆ ಮಲಗಿದ್ದರು. ಆದ್ದರಿಂದ ಎಲ್ಲಿಗೆ ಹೋಗುವುದಿದ್ದರೂ ಎತ್ತಿನ ಬಂಡಿಯೇ ಆಗಬೇಕು. ಆದರೆ ಸಕ್ಕರೆ ಕಾರ್ಖಾನೆ ಶುರುವಾಯಿತೆಂದರೆ ಎತ್ತು, ಬಂಡಿ, ಗಂಡುಮಕ್ಕಳು ಎಲ್ಲ ಕಬ್ಬಿನ ಪಾಲು. ಹಂಗಾಮು ಮುಗಿಯುವವರೆಗೆ ನನ್ನ ಗಂಡನೂ ಬಂಡಿಯ ಜೊತೆ ಕಾರ್ಖಾನೆಯ ಸಾಲಿನಲ್ಲೇ ಇರುತ್ತಿದ್ದರು. ಅವರ ಸೈಕಲ್ಲು ಮಾತ್ರ ಮನೆಯ ಗೋಡೆಗೆ ಒರಗಿ ನಿಂತಿರುತ್ತಿತ್ತು.

ಅಂಥದೊಂದು ಚಳಿಗಾಲದಲ್ಲಿ ಸುದ್ದಿ ಬಂತು: ಕೃಷ್ಣೆಯ ದಂಡೆಯ ಊರಿನಲ್ಲಿದ್ದ ಅತ್ತೆಯ ಅಕ್ಕನಿಗೆ ಲಕ್ವಾ ಹೊಡೆದಿದೆ. ಎಳೆವಯಸ್ಸಿನಲ್ಲೇ ತಾಯಿಯನ್ನು ಕಳೆದುಕೊಂಡ ಅತ್ತೆ ಬೆಳೆದದ್ದೇ ಆ ಅಕ್ಕನ ಬಗಲಲ್ಲಿ.

"ಹಂಗಾಮ ಮುಗೀಲಿ, ಬಂಡಿ ಕಟ್ಟತೀನಿ. ಹೋಗುವಂತಿ" ಎಂದರು ಮಾವ.

"ಅಲ್ಲಿತನಾ ಅಕ್ಕ ಇರಬೇಕಲ್ರಿ" ಎಂದರು ಅತ್ತೆ.

ಮಾವ ಕಲ್ಲುಮನಸ್ಸಿನವರೆಂದಲ್ಲ; ಕೊಡಲು ಎತ್ತುಗಳೇ ಇರಲಿಲ್ಲ. ಆ ದಿನ ರೊಟ್ಟಿ ಬಡಿಯುವ ಅತ್ತೆಯ ಕೈ ನಡುನಡುವೆ ನಿಲ್ಲುತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಕರಿಯಾದರೂ ಅವರಿಗೆ ತಿಳಿಯಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ನೀ ಸಾಲ್ಯಾಗ ಸೈಕಲ್ ಹೊಡೀತಿದ್ದೆಂತಲ್ಲ, ಖರೇನ?"

"ಖರೇರಿ. ಆದ್ರ ಅದು ಹೆಣ್ಣುಮಕ್ಕಳ ಸೈಕಲ್ರಿ. ಇವರ ಸೈಕಲ್ಲಿಗೆ ನಡುವ ಕಬ್ಬಣದ ದಂಡಿ ಐತಿ. ಸೀರಿ ಉಟಗೊಂಡ ಕಾಲ ಹೆಂಗ ದಾಟಸ್ಲಿ?"

ಅವರು ನನ್ನ ನೆರಿಗೆಗಳನ್ನು ಮೇಲಿಂದ ಕೆಳಗೆ ನೋಡಿದರು. "ಬಾ ಒಳಗ" ಎಂದರು.

ಟ್ರಂಕಿನಿಂದ ತಮ್ಮದೊಂದು ಇಳಕಲ್ ತೆಗೆದು, ಗೋಣಿಚೀಲದ ಬಾಯಿ ಬಿಗಿದಂತೆ ನನಗೆ ಕಚ್ಚೆ ಹಾಕಿದರು. "ಅತ್ತೀ, ಉಸರ ಹಿಡೀತೈತ್ರಿ" ಎಂದರೆ, "ಆಗಿನ ಕಾಲದಾಗ ಇದನ್ನ ಉಟ್ಟ ಕುದುರಿ ಹತ್ತತಿದ್ರಂತ. ನಿನ್ನ ಸೈಕಲ್ ಯಾವ ಗಿಡದ ತಪ್ಪಲ?" ಎಂದರು. ಹಿತ್ತಲಲ್ಲಿ ಕಾಲೆತ್ತಿ ದಂಡಿ ದಾಟಿಸಿ ನೋಡಿದೆ. ಸಲೀಸಾಗಿ ದಾಟಿತು! ನಾಚಿಕೆಯೂ ಆಯಿತು, ಹಾರುವಷ್ಟು ಖುಷಿಯೂ ಆಯಿತು.

ಮಾವ ಹೊಲಕ್ಕೆ ಹೋದದ್ದು ನೋಡಿ ಹಿತ್ತಲ ಬಾಗಿಲಿನಿಂದ ಹೊರಟೆವು. ಕೈಯಲ್ಲಿ ರೊಟ್ಟಿಯ ಗಂಟು, ಮೊಸರಿನ ಗಡಿಗೆ ಹಿಡಿದು ಅತ್ತೆ ಹಿಂದಿನ ಕ್ಯಾರಿಯರಿನ ಮೇಲೆ ಎರಡೂ ಕಡೆ ಕಾಲು ಹಾಕಿ ಕೂತರು. ನನ್ನ ವಿದ್ಯೆಯೆಲ್ಲ ಬೆಳಗಾವಿಯ ಮಿಲಿಟರಿ ಕ್ಯಾಂಪಿನ ನುಣುಪು ರಸ್ತೆಯದು. ಕಾಲುವೆಯ ಇಳಿಜಾರಿನಲ್ಲಿ ಗಾಬರಿಯಾಗಿ ಬ್ರೇಕು ಒತ್ತಿದೆ. ಮುರುಮಿನ ಮೇಲೆ ಗಾಲಿ ಜಾರಿ ಇಬ್ಬರೂ ಕಬ್ಬಿನ ಸಾಲಿಗೆ ಉರುಳಿದೆವು. ಮೊಸರು ಪೂರಾ ನನ್ನ ಮೇಲೆ. ನನಗೆ ಅಳು. ಅತ್ತೆಗೋ ನಗು ತಡೆಯಲಾಗುತ್ತಿಲ್ಲ: "ನಿಮ್ಮ ಸಾಲ್ಯಾಗ ಬೀಳೂದು ಕಲಿಸಿಲ್ಲೇನ ಬೇ?"

ಸ್ವಲ್ಪ ಮುಂದೆ ಕುರಿ ಕಾಯುವ ಮುದುಕನೊಬ್ಬ ಕೂಗಿದ: "ಏನವ್ವಾ, ಸೊಸೀಗೇ ನೊಗ ಹೂಡೀಯೇನ?"

"ಎತ್ತ ಕಾರ್ಖಾನಿಗೆ ಹೋಗ್ಯಾವೋ ಮಾರಾಯಾ, ಸೊಸಿ ಮನ್ಯಾಗ ಉಳದಿದ್ಳು!"

ಆ ದಾರಿಯನ್ನು ನಿಮಗೆ ಹೇಗೆ ತೋರಿಸಲಿ? ಒಂದು ಬದಿಗೆ ಚಳಿಗಾಲದ ತೆಳು ಕೃಷ್ಣೆ, ಮೇಲೆ ಹೊಗೆಯಂಥ ಮಂಜು. ಇನ್ನೊಂದು ಬದಿಗೆ ಕಬ್ಬು, ಎಲ್ಲಿಂದಲೋ ತೇಲಿ ಬರುವ ಬೆಲ್ಲದ ಗಾಣದ ಕಂಪು. ಬಿದ್ದ ವಾಡೆಯ ಗೋಡೆಯ ಸಂದಿಯಲ್ಲಿ ಗಿಳಿಗಳು. ಹುರಿದ ಶೇಂಗಾ ಅಗಿದಂತೆ ಗಾಲಿಯಡಿಯ ಸದ್ದು. ಅದು ಬಿಟ್ಟರೆ ಬೇರೆ ಸದ್ದೇ ಇಲ್ಲ. ದಾರಿ ಕವಲಾಗುವಲ್ಲಿ ಕುದುರೆ ಸವಾರನನ್ನು ಕೆತ್ತಿದ ಹಳೆಯ ವೀರಗಲ್ಲು. ಅವನು ಯಾರು, ಯಾವ ಕಾಳಗದಲ್ಲಿ ಬಿದ್ದ ಎಂದು ನಾನು ಓದಿದ ಯಾವ ಇತಿಹಾಸದಲ್ಲೂ ಇರಲಿಲ್ಲ. ಅತ್ತೆ ಅವನಿಗೆ ಕೈ ಮುಗಿದು, "ಇವನೂ ನನ್ನಂಗ ಕುಂತಾನ ನೋಡು" ಎಂದರು.

ನಾವು ಮುಟ್ಟಿದಾಗ ಅತ್ತೆಯ ಅಕ್ಕ, ನನಗೆ ದೊಡ್ಡತ್ತೆ, ಹೊರಸಿನ ಮೇಲೆ ಮಲಗಿದ್ದರು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಮಾತು ತೊದಲುತ್ತಿತ್ತು. ತಂಗಿಯನ್ನು ಕಂಡು ಅವರು ಕೇಳಿದ ಮೊದಲ ಮಾತು: "ಬಸ್ಸಿಗೆ ಬಂದೇನ? ವಾಂತಿ ಆತೇನ?"

"ಇಲ್ಲ ಬೇ ಅಕ್ಕಾ. ಸೊಸಿ ಸೈಕಲ್ ಮ್ಯಾಲ ಬಂದೀನಿ."

"ಸುಳ್ಳ ಹೇಳ್ತಿ. ಸಣ್ಣಾಕಿದ್ದಾಗಿಂದ ಸುಳ್ಳಿ ನೀ."

ಅತ್ತೆಗೆ ತಡೆಯಲಾಗಲಿಲ್ಲ. ಮನೆಯವರನ್ನು ಕರೆದು ಹೊರಸನ್ನು ಬಾಗಿಲ ತನಕ ಎಳೆಸಿದರು. ನಾನು ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಅಂಗಳದ ಬೇವಿನ ಮರವನ್ನು ಸುತ್ತು ಹಾಕಿದೆ. ಕೋಳಿಗಳು ದಿಕ್ಕಾಪಾಲು. ದೊಡ್ಡತ್ತೆ ಬಾಯಿಯ ನೆಟ್ಟಗಿದ್ದ ಅರ್ಧದಿಂದಲೇ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. "ಇನ್ನೊಂದ ಸುತ್ತ ಹೊಡೀ" ಎಂದರು. ಹೊಡೆದೆ. ಆಮೇಲೆ ಅತ್ತೆ ಅಕ್ಕನ ತಲೆಗೆ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಹೆಣೆದರು.

ಸಂಜೆ ಮಾವ ನನ್ನ ಸೀರೆಯ ಅಂಚನ್ನೇ ನೋಡಿದರು. ಅಲ್ಲಿ ಚೈನಿನ ಕರಿ ಎಣ್ಣೆ ಮೆತ್ತಿತ್ತು.

"ಎಲ್ಲಿಗೆ ಹೋಗಿದ್ರಿ?"

ಗುಡಿಗೆ ಎಂದು ಹೇಳುವುದೆಂದು ದಾರಿಯಲ್ಲೇ ಮಾತಾಗಿತ್ತು. ಆದರೆ ಅತ್ತೆ ಅದನ್ನು ಮರೆತೇಬಿಟ್ಟರು. "ಅಕ್ಕ ನಕ್ಕಳ್ರಿ" ಎಂದರು.

ಮಾವ ಉಂಡು ಎದ್ದರು. ಮರುದಿನ ಬೆಳಿಗ್ಗೆ ನೋಡಿದರೆ ಸೈಕಲ್ಲಿನ ಎರಡೂ ಗಾಲಿಗೆ ಗಾಳಿ ತುಂಬಿದೆ. ಕ್ಯಾರಿಯರಿನ ಮೇಲೆ ಹಳೆಯ ಕೌದಿಯೊಂದನ್ನು ದಪ್ಪಗೆ ಮಡಚಿ ಹಗ್ಗದಿಂದ ಬಿಗಿದಿದೆ. "ಕಬ್ಬಣ ಚುಚ್ಚತೈತಿ" ಎಂದು ಮಾವ ಬಾಗಿಲ ಚೌಕಟ್ಟಿಗೆ ಹೇಳಿದರು, ನಮಗಲ್ಲ.

ಆ ಹಂಗಾಮಿನಲ್ಲಿ ಮತ್ತೆ ಮತ್ತೆ ಹೋದೆವು. ಬಂಡಿ ಮನೆಗೆ ಮರಳುವ ಮೊದಲೇ ದೊಡ್ಡತ್ತೆ ಹೋಗಿಬಿಟ್ಟರು. ಅತ್ತೆ ಅತ್ತರು, ಆದರೆ ನೋಡದೇ ಉಳಿದೆ ಎಂದು ಅಳಲಿಲ್ಲ. ಆಮೇಲೆ ತಾವಿರುವವರೆಗೂ ಮನೆಗೆ ಬಂದವರ ಮುಂದೆ ಒಂದು ಮಾತು ಹೇಳುತ್ತಿದ್ದರು: "ಸೊಸಿ ಮಾರಿಗಿಂತ ಆಕಿ ಬೆನ್ನಿನ ಗುರ್ತ ನನಗ ಹೆಚ್ಚ." ಮುನಿಸಿಕೊಂಡು ಬೆನ್ನು ತಿರುಗಿಸುವ ಅಭ್ಯಾಸ ನನಗಿತ್ತು, ಅದನ್ನೇ ಚುಚ್ಚುತ್ತಾರೆ ಎಂದುಕೊಂಡಿದ್ದೆ.

ಮೊನ್ನೆ ಸೈಕಲ್ಲಿನವರು ಹೋದ ಮೇಲೆ ಇದನ್ನೆಲ್ಲ ನಮ್ಮ ಸೊಸೆಗೆ ಹೇಳಿದೆ. "ಕಲ್ಲ ಐತೋ ಇಲ್ಲೋ, ನೋಡೇ ಬರೂಣು ನಡೀರಿ ಅತ್ತೇರ. ಸ್ಕೂಟಿ ತೆಗೀತೀನಿ" ಎಂದಳು. ಅವಳ ಸ್ಕೂಟಿಯ ಮೇಲೆ ಒಂದು ಬದಿಗೆ ಕಾಲಿಟ್ಟು ಮುರುಮಿನ ದಾರಿಯಲ್ಲಿ ಕೂಡಲು ನನಗೆ ಜೀವಭಯ. ಎಷ್ಟೋ ಸಲ ಬೇಡವೆಂದಿದ್ದೇನೆ. ಒಳಗೆ ಹೋಗಿ ಟ್ರಂಕು ತೆಗೆದೆ. ಅತ್ತೆಯ ಆ ಇಳಕಲ್ ಸೀರೆಯ ಅಂಚಿನ ಕರಿ ಕಲೆ ಹಾಗೆಯೇ ಇತ್ತು. ಕಚ್ಚೆ ಹಾಕಿಕೊಂಡು ಹೊರಬಂದರೆ ಸೊಸೆ ಬಾಯಿಗೆ ಕೈ ಅಡ್ಡ ಹಿಡಿದಳು.

"ನಗಬ್ಯಾಡ. ಚಾಲೂ ಮಾಡ" ಎಂದು ಎರಡೂ ಕಡೆ ಕಾಲು ಹಾಕಿ ಕೂತೆ.

ಕಾಲುವೆ ದಾಟಿದ ಮೇಲೆ ಡಾಂಬರು ಮುಗಿದು, ಶೇಂಗಾ ಅಗಿಯುವ ಆ ಸದ್ದು ಶುರುವಾಯಿತು. ಕಲ್ಲು ಕಾಣುತ್ತದೆಯೇ ಎಂದು ಕತ್ತು ಚಾಚಿದೆ. ಕಾಣಲಿಲ್ಲ. ಹಿಂದೆ ಕೂತವರಿಗೆ ದಾರಿ ಕಾಣುವುದಿಲ್ಲವೆಂದು ಈ ವಯಸ್ಸಿನಲ್ಲಿ ತಿಳಿಯಿತು. ಕಾಣುವುದು ಮುಂದಿನವಳ ಜಡೆ, ಕುಪ್ಪಸದ ಮೇಲೆ ನಿಧಾನ ಅಗಲವಾಗುವ ಬೆವರಿನ ಕಲೆ, ಏರು ಬಂದಾಗ ಗಟ್ಟಿಯಾಗಿ ಇಳಿಜಾರಿನಲ್ಲಿ ಸಡಿಲಾಗುವ ಬೆನ್ನು.

"ಕಲ್ಲ ಐತ್ರಿ ಅತ್ತೇರ!" ಸೊಸೆ ಕೂಗಿದಳು. "ಅರಿಷಿಣ ಹಚ್ಚ್ಯಾರ. ಸೈಕಲ್ ಟಯರಿನ ಗುರ್ತನೂ ಎಡಕ್ಕ ಹೊಳ್ಳ್ಯಾವ. ನೋಡ್ರಿ, ನೋಡ್ರಿ!"

ನಾನು ಇಣುಕಲಿಲ್ಲ. ಅವಳ ಬೆನ್ನಿಗೆ ಕೆನ್ನೆ ಆನಿಸಿ, "ನೀ ಹೊಡೀಯವ್ವಾ" ಎಂದೆ.