ಬಿರುಕಿಗೆ ಗಾಜು ಅಂಟಿಸುವ ಗಾರೆಯಜ್ಜ

ಬೆಳಕು ಹರಿಯುವ ಹೊತ್ತು. ಬಂದರು ರಸ್ತೆಗೆ ತಾಗಿದ ಮನೆಯೊಂದರಲ್ಲಿ ಸ್ಟೂಲು ಹತ್ತಿ ನಿಂತ ಗಾರೆಯಜ್ಜ ಇಳಿಯುವುದನ್ನೇ ಮರೆತಿದ್ದಾರೆ. ಗೋಡೆಯ ಬಿರುಕಿಗೆ ಅಡ್ಡಲಾಗಿ ಸಿಮೆಂಟಿನಲ್ಲಿ ಕೂರಿಸಿದ್ದ ಬೆರಳುದ್ದದ ಗಾಜಿನ ಪಟ್ಟಿ ನಡುವೆ ತುಂಡಾಗಿದೆ. ಇದು ಮಗಳ ಮನೆ. ಗೋಡೆಯಿಂದ ಮೊಳ ದೂರದಲ್ಲಿ ಎರಡು ತಿಂಗಳ ಮೊಮ್ಮಗಳ ತೊಟ್ಟಿಲು.

"ಯಾಕಪ್ಪಾ, ಹಾಗೆ ನಿಂತುಬಿಟ್ಟೆ?" ಎನ್ನುತ್ತಾಳೆ ಮಗಳು.

"ಮೊದಲು ಮಗೂನ ಎತ್ಕೋ. ನಮ್ಮನೆಗೆ ನಡಿ."

ನಲವತ್ತು ವರ್ಷ ಕರಣೆ ಹಿಡಿದು, ಮಂಡಿನೋವೆಂದು ಮನೆಯಲ್ಲಿ ಕೂತಿದ್ದವರನ್ನು ಎಬ್ಬಿಸಿದ್ದು ಬಂದರಿನ ಲಾರಿಗಳು. ಇನ್ನೂ ಭಾರದ ಲಾರಿಗಳನ್ನು ಊರೊಳಗಿಂದಲೇ ಬಿಡುತ್ತಾರೆಂದು ತಿಳಿದಾಗ ರಸ್ತೆಯವರೆಲ್ಲ ವಿರೋಧಿಸಿದರು. ಗೋಡೆ ನಡುಗುವುದು ನಿಮ್ಮ ಭ್ರಮೆ ಎಂದರು ಅಧಿಕಾರಿಗಳು. ಅಜ್ಜ ವಾದಕ್ಕೆ ಹೋಗಲಿಲ್ಲ. ಕಿಟಕಿ ಗಾಜು ಕತ್ತರಿಸಿ ಇಪ್ಪತ್ತಮೂರು ಮನೆಗಳ ಬಿರುಕುಗಳಿಗೆ ನಲವತ್ತೊಂದು ಪಟ್ಟಿ ಅಂಟಿಸಿದರು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಮುರಿಯುತ್ತದೆ. "ಅದಕ್ಕೆ ಯಾರ ಮುಲಾಜೂ ಇಲ್ಲ," ಎನ್ನುತ್ತಾರೆ.

ಹಳೆಯ ಲಾರಿಗಳಿಗೆ ಆರು ತಿಂಗಳಲ್ಲಿ ಮುರಿದದ್ದು ಮೂರು. ಭಾರದ ಲಾರಿಗಳನ್ನು ಪರೀಕ್ಷೆಗೆಂದು ಬಿಟ್ಟ ಮೂರೇ ದಿನದಲ್ಲಿ ಹತ್ತೊಂಬತ್ತು! ಅಬ್ಬಬ್ಬಾ, ನಂಬುವುದಾದರೂ ಹೇಗೆ? ಅಜ್ಜನೂ ನಂಬದೆ ಎರಡೆರಡು ಸಲ ಎಣಿಸಿದ್ದಾರೆ.

ಅಂಟಿಸಿದ್ದೇ ಸರಿಯಿಲ್ಲ ಎಂದರಂತೆ ಅಧಿಕಾರಿಗಳ ಕಡೆಯ ಎಂಜಿನಿಯರು. ಅದನ್ನು ಹೇಳುವಾಗ ಅಜ್ಜನ ಸಿಟ್ಟು ನೆತ್ತಿಗೇರುತ್ತದೆ. "ಅದೇ ಗಾಜು, ಅದೇ ಸಿಮೆಂಟು ಹಿತ್ತಲ ಗೋಡೆಗೂ ಹಾಕಿದೀನಿ. ಅಲ್ಲಿ ಒಂದೂ ಒಡೆದಿಲ್ಲ. ರಸ್ತೆ ಕಡೆ ಬಂದಾಗ ಮಾತ್ರ ನನ್ನ ಕೈಗೆ ಕೆಲಸ ಮರೆತುಹೋಗುತ್ತಾ?"

ಎಲ್ಲಕ್ಕಿಂತ ಅವರನ್ನು ಕಂಗೆಡಿಸಿರುವುದು ಮಗಳ ಗೋಡೆ. ಒಂದೊಂದು ಇಟ್ಟಿಗೆಯನ್ನೂ ತಟ್ಟಿ ನೋಡಿ ಕಟ್ಟಿದವರು ಅವರೇ. "ತೊಟ್ಟಿಲು ಎಲ್ಲಿಡ್ಲಿ ಅಂತ ಕೇಳಿದ್ಲು. ಈ ಗೋಡೆ ಪಕ್ಕನೇ ಇಡು, ಕಲ್ಲುಗುಂಡಿನ ಹಾಗಿದೆ ಅಂದೆ. ಸಣ್ಣ ಗೆರೆ ಕಂಡಾಗಲೂ ಬರೀ ಗಿಲಾವು ಬಿರಿದಿದೆ, ಒಳಗಿನ ಇಟ್ಟಿಗೆಗೆ ಏನಾಗಿಲ್ಲ ಅಂದ್ಕೊಂಡೆ. ಮಗಳ ಸಮಾಧಾನಕ್ಕೆ ಗಾಜು ಹಾಕಿದ್ದು ಸಾರ್! ಇಷ್ಟು ವರ್ಷ ಗೋಡೆ ಕಟ್ಟಿದವನು ನಾನು, ನನಗೇ ತಿಳೀಲಿಲ್ವಲ್ಲ!"

ಮಗಳು ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಡುತ್ತಾಳೆ. ಅಜ್ಜ ತೊಟ್ಟಿಲು ಬಿಚ್ಚುತ್ತಾರೆ.

ನಾಳೆ ಅಧಿಕಾರಿಗಳು ಊರವರ ಅಹವಾಲು ಕೇಳಲು ಬರುತ್ತಾರೆ. ನೀವೇನು ಕೇಳುತ್ತೀರಿ ಎಂದರೆ, ಪರಿಹಾರ ಗಿರಿಹಾರ ಬೇಡ ಎಂದು ಅಜ್ಜ ಕೈ ಅಲ್ಲಾಡಿಸುತ್ತಾರೆ.

"ಸಭೆ ಈ ಕೋಣೇಲೇ ಇಟ್ಕೊಳ್ಳಲಿ. ಮಗು ಮಲಗ್ತಿದ್ದ ಜಾಗದಲ್ಲಿ ನಾನೇ ಕುರ್ಚಿ ಹಾಕ್ತೀನಿ. ಒಂದೇ ಒಂದು ಲಾರಿ ಹೋಗೋವರೆಗೆ ಗೋಡೆಗೆ ಒರಗಿ ಕೂತಿರ್ಲಿ, ಸಾಕು."