ಹೊಸ ಹೊದಿಕೆಯೊಳಗಿನ ಭಾವ

ಸೋಫಾ ರಿಪೇರಿಯವನನ್ನು ಆ ಬೀದಿಯವರೆಲ್ಲ ಕರೆಯುತ್ತಿದ್ದದ್ದು ಭಾವ ಎಂದು. ನಿಜಕ್ಕೂ ಆತ ಭಾವನಾಗಿದ್ದದ್ದು ಒಬ್ಬನಿಗೆ ಮಾತ್ರ, ಹೆಂಡತಿಯ ತಮ್ಮನಿಗೆ. ಆ ಬಾಮೈದ ಬೇಸ್ ಗಿಟಾರ್ ನುಡಿಸುತ್ತಿದ್ದ. ಅವನ ಜೊತೆ ನುಡಿಸುವವರೂ ಭಾವ ಎಂದರು, ಆಮೇಲೆ ಕೇಳಲು ಬಂದವರೂ ಭಾವ ಎಂದರು. ಹೆಣ್ಣು ಕೊಡದೆಯೇ ಇಡೀ ಬೀದಿ ಆತನ ಬೀಗರಾಗಿಬಿಟ್ಟಿತು.

ಅವರದೊಂದು ರಾಕ್ ಬ್ಯಾಂಡ್, ಹೆಸರು ‘ಹಳೇ ಸ್ಪ್ರಿಂಗ್’. ಹಾಡುವವನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಹಗಲೆಲ್ಲ ಬ್ರೇಕ್ ಬ್ರೇಕ್ ಎಂದು ಕೂಗಿ ಗಂಟಲು ಹದವಾಗಿತ್ತು. ಗಿಟಾರ್ ನುಡಿಸುವವಳು ಹಲ್ಲಿನ ಸೆಟ್ ಮಾಡುವ ಲ್ಯಾಬಿನವಳು, ಹಾಗಾಗಿ ಎಲ್ಲರ ಬಾಯಲ್ಲೂ ಹಲ್ಲಕ್ಕ. ಡ್ರಮ್ಸ್ ಭಾವನದು. ಭಾವನ ಕೈಯಲ್ಲಿ ತಾಳ ಇತ್ತು, ತಾಳ್ಮೆ ಇರಲಿಲ್ಲ. ಹಾಡು ನಡೆಯುತ್ತಾ ಶುರುವಾದರೆ ಓಡುತ್ತಾ ಮುಗಿಯುತ್ತಿತ್ತು. ಕೊನೆಯ ಪಲ್ಲವಿ ಬರುವ ಹೊತ್ತಿಗೆ ಮೇಷ್ಟ್ರು ಬಸ್ಸಿನ ಹಿಂದೆ ಓಡುವವನಂತೆ ಹಾಡುತ್ತಿದ್ದ.

ಮೊದಲನೇ ಆಲ್ಬಮ್ಮನ್ನು ಅವರು ಭಾವನ ಅಂಗಡಿಯಲ್ಲೇ ರೆಕಾರ್ಡ್ ಮಾಡಿದ್ದರು. ಗೋಡೆಗೆ ಒರಗಿಸಿದ ಸೋಫಾಗಳು, ಮಧ್ಯೆ ಫೋಮಿನ ಗುಡ್ಡ, ಆ ಗುಡ್ಡದ ಮೇಲೆ ಮೈಕು. ನಾಲ್ವರೂ ಒಟ್ಟಿಗೆ ಬಾಯಿ ಹಾಕುವ ಮನೆಯ ಹಾಗೆ ಅದರ ಸದ್ದು. ಯಾರು ಏನು ಹೇಳಿದರೆಂದು ತಿಳಿಯದಿದ್ದರೂ ಮನೆಯವರು ಖುಷಿಯಾಗಿದ್ದಾರೆಂದು ತಿಳಿಯುತ್ತಿತ್ತು. ಜನ ಅದನ್ನು ಇಷ್ಟಪಟ್ಟರು. ಎರಡನೆಯದಕ್ಕೆ ನಿಜವಾದ ಸ್ಟುಡಿಯೋ ಬೇಕೆಂದು ಮೇಷ್ಟ್ರು ಹಟ ಹಿಡಿದ. ‘ಹೊಸ ಹೊದಿಕೆ’ ಎಂದು ಅದಕ್ಕೆ ಹೆಸರಿಟ್ಟವನು ಭಾವನೇ.

ಸ್ಟುಡಿಯೋದಲ್ಲಿ ರೆಕಾರ್ಡಿಂಗಿನವನು ಭಾವನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿದ. ಅದರೊಳಗೆ ಗಡಿಯಾರದ ಹಾಗೆ ಟಿಕ್ ಟಿಕ್ ಎಂದು ಒಂದು ಕ್ಲಿಕ್ಕು. ಅದರ ಜೊತೆಗೇ ಬಡಿಯಬೇಕು, ಅಷ್ಟೆ. ಕ್ಲಿಕ್ಕಿಗೂ ಭಾವನಿಗೂ ಕ್ಲಿಕ್ಕಾಗಲಿಲ್ಲ. ನಾಲ್ಕು ಸಾಲು ಕಳೆಯುವಷ್ಟರಲ್ಲಿ ಕ್ಲಿಕ್ಕು ಹಿಂದೆ, ಭಾವ ಮುಂದೆ. ಮತ್ತೆ ಶುರು, ಮತ್ತೆ ಮುಂದೆ. ಗಾಜಿನಾಚೆ ಮೂವರೂ ತಮ್ಮ ತಮ್ಮ ಚಪ್ಪಲಿ ನೋಡುತ್ತಾ ಕೂತಿದ್ದರು. ಕಡೆಗೆ ರೆಕಾರ್ಡಿಂಗಿನವನು ಮೈಕಿನಲ್ಲಿ ಬಹಳ ಮೃದುವಾಗಿ, “ಸಾಕು ಭಾವ, ಚೆನ್ನಾಗೇ ಬಂದಿದೆ. ಉಳಿದದ್ದು ನಾನು ನೋಡ್ಕೋತೀನಿ” ಎಂದ. ಡಾಕ್ಟರು ಹಾಗೆ ಮೃದುವಾಗಿ ಮಾತಾಡಿದರೆ ನಾವು ಹೆದರುತ್ತೇವೆ. ಭಾವ ಹೆದರದೆ ಮನೆಗೆ ಹೋಗಿ ಚೆನ್ನಾಗಿ ನಿದ್ದೆ ಮಾಡಿದ.

ಆಲ್ಬಮ್ ಸಿದ್ಧವಾದಾಗ ಅಂಗಡಿಯಲ್ಲಿ ಒಬ್ಬನೇ ಕೂತು ಕೇಳಿದ. ಸದ್ದು ಬೆಳೆದಿತ್ತು, ಅದರಲ್ಲಿ ಅನುಮಾನವಿಲ್ಲ. ಎಲ್ಲದರ ಮೇಲೂ ಬೀಳುತ್ತಿದ್ದ ಹಲ್ಲಕ್ಕನ ಗಿಟಾರ್ ಈಗ ಜಾಗ ಬಿಟ್ಟು, ಬೇಕಾದಲ್ಲಿ ಮಾತ್ರ ಕಚ್ಚುತ್ತಿತ್ತು. ಮೊದಲ ಆಲ್ಬಮ್ಮಿನಲ್ಲಿ ಫೋಮಿನೊಳಗೆ ಹೂತುಹೋಗಿದ್ದ ಬಾಮೈದನ ಬೇಸ್ ಈಗ ಪಕ್ಕದಲ್ಲಿ ಬಂದು ಕೂತ ಹಾಗೆ ಕೇಳಿಸುತ್ತಿತ್ತು. ಮೇಷ್ಟ್ರು ಕೂಗುವ ಬದಲು ಹೇಳುತ್ತಿದ್ದ, ಒಂದೆರಡು ಕಡೆ ಸುಮ್ಮನೆಯೂ ಇದ್ದ. ಅವನ ಮಟ್ಟಿಗೆ ಅದು ದೊಡ್ಡ ಸಾಧನೆ. ‘ಮಧ್ಯದ ಸೀಟು’ ಎಂಬ ಹಾಡಂತೂ ನಿಧಾನವಾಗಿ ಶುರುವಾಗಿ ನಿಧಾನವಾಗಿಯೇ ಮುಗಿಯಿತು. ಭಾವ ಅದನ್ನು ಮತ್ತೆ ಮೊದಲಿಂದ ಹಾಕಿ ಕೇಳಿದ. ತಾನಿದ್ದ ಹಾಡು ನಿಧಾನವಾಗಿ ಮುಗಿಯುವುದು ಹೇಗೆ?

ಆ ಹಾಡಿನ ಕೊನೆಯ ಪಲ್ಲವಿಗೆ ಮುಂಚೆ ಡ್ರಮ್ಮಿನ ಒಂದು ಉರುಳು ಬರುತ್ತದೆ, ಮೆಟ್ಟಿಲಿಂದ ಕಡಲೆಕಾಳು ಸುರಿದ ಹಾಗೆ, ಒಂದೊಂದು ಕಾಳೂ ಬೇರೆ ಬೇರೆ. ಭಾವನ ಎಡಗೈ ಹೆಬ್ಬೆರಳಿಗೆ ಎಷ್ಟು ಸುತ್ತಿಗೆಯೇಟು ಬಿದ್ದಿತ್ತೆಂದರೆ, ಅಂಥ ಉರುಳು ಆ ಕೈಯಿಂದ ಬರುವ ಮಾತೇ ಇರಲಿಲ್ಲ. ಅದು ರೆಕಾರ್ಡಿಂಗಿನವನ ಯಂತ್ರ ಬಡಿದದ್ದು. ಬರೀ ಆ ಉರುಳಲ್ಲ, ಇಡೀ ಹಾಡು, ಇಡೀ ಆಲ್ಬಮ್.

ಭಾವನಿಗೆ ಇದು ಥಟ್ಟನೆ ಹೊಳೆಯಲು ಕಾರಣವಿತ್ತು. ತನ್ನ ಹೊಟ್ಟೆಪಾಡೂ ಇದೇ ತಾನೆ. ‘ನಮ್ಮಜ್ಜ ಕೂತ ಕುರ್ಚಿ, ಹಾಗೇ ಇರ್ಲಿ’ ಎಂದು ಜನ ತಂದುಕೊಡುತ್ತಾರೆ. ಭಾವ ಒಳಗಿನದೆಲ್ಲ ಕಿತ್ತೆಸೆದು, ಹೊಸ ಫೋಮು ಹಾಕಿ, ಅದೇ ಹಳೇ ಬಟ್ಟೆಯನ್ನು ಎಳೆದು ಮೊಳೆ ಹೊಡೆಯುತ್ತಾನೆ. ಅವರು ಕೂತು ಕಣ್ಣು ಮುಚ್ಚಿ, ಅಜ್ಜನ ತೊಡೆಯ ಮೇಲೆ ಕೂತ ಹಾಗಿದೆ ಎನ್ನುತ್ತಾರೆ. ಅಜ್ಜ ಕಸದ ಗಾಡಿ ಹತ್ತಿ ಹೋಗಿರುತ್ತಾನೆ. ಈಗ ‘ಹೊಸ ಹೊದಿಕೆ’ಯ ಹಿಂಬದಿಯಲ್ಲಿ ಡ್ರಮ್ಸ್ ಎಂಬುದರ ಎದುರು ಭಾವ ಎಂದಿತ್ತು. ಹೊದಿಕೆ ಮಾತ್ರ ತನ್ನದು.

ಆಗಲೇ ಹೇಳಿಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ವಾರವೇ ಊರಿನ ವಾರಪತ್ರಿಕೆಯ ವರದಿಗಾರ್ತಿ ಅಂಗಡಿಗೆ ಬಂದಳು. ಭಾವ ಕೆಲಸ ಮಾಡುವಾಗ ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡಿರುತ್ತಾನೆ, ಹಾಗಾಗಿ ಸುಳ್ಳು ಹೇಳಲು ಆತನಿಗೆ ಅವಕಾಶ ಕಡಿಮೆ. ಆ ದಿನ ಮರ್ಯಾದೆಗೆಂದು ಮೊಳೆ ಉಗಿದು ಕೂತಿದ್ದ.

“ಈ ಆಲ್ಬಮ್ಮಲ್ಲಿ ಎಲ್ಲಕ್ಕಿಂತ ಬೆಳೆದಿರೋದು ನಿಮ್ಮ ಡ್ರಮ್ಸ್” ಎಂದಳು ಅವಳು. “ಎಷ್ಟು ಹಿಡಿತ. ಹೇಗೆ ಸಾಧಿಸಿದ್ರಿ?”

ಯಾರೂ ಹೊಗಳದ ಮನುಷ್ಯನನ್ನು ಹೀಗೆ ಎದುರಿಗೆ ಕೂತು ಹೊಗಳಬಾರದು. “ಅಭ್ಯಾಸ” ಎಂದ ಭಾವ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲುವುದು ಆತನ ಜಾಯಮಾನದಲ್ಲಿರಲಿಲ್ಲ, ಇಲ್ಲೂ ಓಡಿದ. “ಸುತ್ತಿಗೆನೇ ನನ್ನ ಗುರು ಅನ್ನಿ. ಒಂದೊಂದು ಮೊಳೆನೂ ಲೆಕ್ಕ ಇಟ್ಟು ಹೊಡೀತೀನಿ. ಮೊಳೆ ಅವಸರ ಮಾಡಿದ್ರೆ ಬಗ್ಗುತ್ತೆ, ತಾಳನೂ ಹಾಗೇನೇ.”

ಅವಳು ಅದನ್ನೇ ದೊಡ್ಡಕ್ಷರದಲ್ಲಿ ಹಾಕಿದಳು. ಭಾವ ಸುತ್ತಿಗೆ ಹಿಡಿದು ದೂರಕ್ಕೆ ನೋಡುತ್ತಿರುವ ಫೋಟೋ ಬೇರೆ. ಹೆಂಡತಿ ಓದಿ ಆ ಪುಟವನ್ನು ಅಡುಗೆಮನೆಯ ಶೆಲ್ಫಿಗೆ ಹಾಸಿದಳು. ಗಂಡನ ಮುಖ ಕೆಳಗೆ, ಮೇಲೆ ಡಬ್ಬಿಗಳು. ಇವಳಿಗೆ ಕಲೆಯ ಗಂಧವೇ ಇಲ್ಲವೆಂದು ಭಾವ ಅಂದುಕೊಂಡ.

ಬಿಡುಗಡೆಯ ಕಾರ್ಯಕ್ರಮಕ್ಕೆ ಶಾಲೆಯೊಂದರ ಸಭಾಂಗಣ ನಿಗದಿಯಾಯಿತು. ಅಲ್ಲಿ ಜನರೆದುರು ‘ಮಧ್ಯದ ಸೀಟು’ ಬಡಿಯಬೇಕು, ಉರುಳಿನ ಸಮೇತ. ಭಾವ ಗುಟ್ಟಾಗಿ ಅಭ್ಯಾಸಕ್ಕಿಳಿದ. ಮೊಳೆ ಹೊಡೆಯುತ್ತಾ ಲೆಕ್ಕ ಇಟ್ಟ. ಲೆಕ್ಕ ತಪ್ಪಲಿಲ್ಲ, ಮೊಳೆ ತಪ್ಪಿತು. ಒಬ್ಬ ವಕೀಲರ ಸೋಫಾಕ್ಕೆ ಕೈಯಿಡುವ ಪಟ್ಟಿ ತಲೆಕೆಳಗಾಗಿ ಕೂತಿತು. ಅವರು ನೋಡಿ, “ಇದೇನ್ರಿ, ಕೂತವರು ಕೈ ಮೇಲೆತ್ತಿ ಶರಣಾಗ್ಬೇಕಾ?” ಎಂದು ಕೇಳಿದರು.

ಕಡೆಗೆ ಬಾಮೈದನನ್ನು ಅಂಗಡಿಗೆ ಕರೆಸಿ ಬಾಗಿಲು ಅರ್ಧ ಎಳೆದ.

“ನೋಡೋ, ಒಂದು ವಿಷಯ. ಆಲ್ಬಮ್ಮಲ್ಲಿರೋ ಡ್ರಮ್ಮು ನನ್ನದಲ್ಲ.”

ಬಾಮೈದ ಫೋಮಿನ ಚೂರೊಂದನ್ನು ಹಿಸುಕುತ್ತಾ ನಿಂತ. “ಗೊತ್ತು ಭಾವ.”

“ಗೊತ್ತಾ?”

“ಯಂತ್ರದಲ್ಲಿ ಮಾಡು ಅಂತ ರೆಕಾರ್ಡಿಂಗಿನವನಿಗೆ ಹೇಳಿದ್ದೇ ನಾವು. ನೀವು ಬೇಜಾರು ಮಾಡ್ಕೋತೀರಿ ಅಂತ ನಿಮಗೆ ಹೇಳ್ಲಿಲ್ಲ.”

“ಮೇಷ್ಟ್ರಿಗೂ ಗೊತ್ತು? ಹಲ್ಲಕ್ಕನಿಗೂ?”

“ಹೂಂ.”

ಭಾವ ಸ್ವಲ್ಪ ಹೊತ್ತು ಸುತ್ತಿಗೆಯ ಹಿಡಿ ಒರೆಸಿದ. “ನಿಮ್ಮಕ್ಕನಿಗೆ?”

“ನನ್ನ ಹೊಟ್ಟೇಲಿ ಅಕ್ಕನ ಹತ್ರ ಏನು ನಿಲ್ಲುತ್ತೆ ಹೇಳಿ.”

ಯಂತ್ರ ಬಡಿದದ್ದಕ್ಕೆ ಭಾವನಿಗೆ ಆಗಿದ್ದ ನಾಚಿಕೆ ಒಂದು ಪಾಲಾದರೆ, ಈಗ ಆದದ್ದು ಹತ್ತು ಪಾಲು. ಸುತ್ತಿಗೆ ಗುರು, ಮೊಳೆಯ ಅವಸರ, ಎಲ್ಲವನ್ನೂ ಈ ಮೂವರೂ ಓದಿದ್ದರು. ಓದಿ, ಮಾರನೆಯ ದಿನ ಬಂದು, ಫೋಟೋ ಚೆನ್ನಾಗಿ ಬಂದಿದೆ ಭಾವ ಎಂದಿದ್ದರು. ಹೆಂಡತಿ ಆ ಪುಟವನ್ನು ಡಬ್ಬಿಗಳ ಕೆಳಗೆ ಹಾಕಿದ್ದು ಯಾಕೆಂದು ಆಗ ಅರ್ಥವಾಯಿತು. ಮನೆಗೆ ಬಂದವರು ಯಾರೂ ನೋಡದಿರಲಿ ಎಂದು. ಕಿವಿ ಬಿಸಿಯಾಗಿ, ಭಾವ ಅವುಗಳ ಮೇಲೆ ಫೋಮು ಒತ್ತಿಕೊಂಡು ಕೂತ.

ಕಾರ್ಯಕ್ರಮದ ಹಿಂದಿನ ದಿನ ಮೇಷ್ಟ್ರು ಒಂದು ದಾರಿ ತೋರಿಸಿದ. “ಭಾವ, ಸ್ಪೀಕರಲ್ಲಿ ಆಲ್ಬಮ್ಮಿನ ಡ್ರಮ್ಮೇ ಬರ್ಲಿ. ನೀವು ಮೆಲ್ಲಗೆ ಕೈ ಆಡ್ಸಿ ಸಾಕು. ನಮ್ಮ ಸ್ಕೂಲ್ ಕಾರಲ್ಲಿ ಎರಡು ಬ್ರೇಕ್ ಇಲ್ವಾ? ಓಡ್ಸೋನು ಕಲಿಯೋನು, ನಿಲ್ಸೋನು ನಾನು. ಹಾಗೆ.”

“ಆ ಕಾರಲ್ಲಿ ಕೂತೋನಿಗೆ ಎರಡು ಬ್ರೇಕ್ ಇರೋದು ಗೊತ್ತಿರುತ್ತೆ ಮೇಷ್ಟ್ರೇ” ಎಂದ ಭಾವ. “ನಾನೇ ಬಡೀತೀನಿ. ಬೇಡ ಅಂದ್ರೆ ಸೀಟು ಬಿಡ್ತೀನಿ.”

ಮೇಷ್ಟ್ರು ಸ್ಪೀಕರಿನ ಮಾತನ್ನು ಅಲ್ಲಿಗೇ ಬಿಟ್ಟ.

ಮಾರನೆಯ ಸಂಜೆ ಸಭಾಂಗಣ ತುಂಬಿತ್ತು. ಶುರು ಮಾಡುವ ಮೊದಲು ಭಾವ ಎದ್ದು ಬಂದು ಮೇಷ್ಟ್ರ ಮೈಕು ಹಿಡಿದ. ಹಿಂದೆಂದೂ ಮೈಕಿನಲ್ಲಿ ಮಾತಾಡಿದವನಲ್ಲ. “ಆಲ್ಬಮ್ಮಲ್ಲಿ ಬಡಿದದ್ದು ನಾನಲ್ಲ, ಯಂತ್ರ. ಪತ್ರಿಕೇಲಿ ಹೇಳಿದ್ದು ಸುಳ್ಳು. ಈಗ ಬಡಿಯೋದು ಮಾತ್ರ ನಾನು. ನಿಮಗೇ ಗೊತ್ತಾಗುತ್ತೆ.”

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಂಥ ತಮಾಷೆ ಮನುಷ್ಯ ಎಂದರು, ಎಂಥ ವಿನಯ ಎಂದರು. ಚಪ್ಪಾಳೆಯ ನಡುವೆ ಭಾವ ಹೋಗಿ ಕೂತ. ‘ಮಧ್ಯದ ಸೀಟು’ ನಿಧಾನವಾಗಿ ಹೊರಟು, ಮೂರನೇ ಸಾಲಿಗೆ ಬೀದಿ ದಾಟಿ, ಕೊನೆಗೆ ಬ್ರೇಕಿಲ್ಲದೆ ಇಳಿಜಾರು ಇಳಿಯಿತು. ಉರುಳಿನ ಜಾಗದಲ್ಲಿ ಎಡಗೈ ತಡವರಿಸಿ ಕೋಲು ಜಾರಿ ಬಿತ್ತು. ಮೇಷ್ಟ್ರು ಏದುಸಿರು ಬಿಡುತ್ತಾ ಅರ್ಧ ಸಾಲು ನುಂಗಿದ. ಮುಂದಿನ ಸಾಲಿನಲ್ಲಿದ್ದ ವರದಿಗಾರ್ತಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಬೇಕೆಂದೇ ಹಾಗೆ ಬಡಿದದ್ದು ಎಂದುಕೊಂಡಿದ್ದಳು.

ಮನೆಯ ದಾರಿಯಲ್ಲಿ ಭಾವ ಹೆಂಡತಿಗೆ, “ನಿಜಾನೇ ಹೇಳ್ದೆ ಕಣೇ. ಯಾರೂ ನಂಬ್ಲಿಲ್ಲ” ಎಂದ.

“ಸುಳ್ಳನ್ನ ಎಷ್ಟು ಚೆಂದ ಕೂತು ಹೇಳಿದ್ರಿ, ನಿಜಾನ ಅವಸರದಲ್ಲಿ ಹೇಳಿದ್ರಿ” ಎಂದಳು ಅವಳು. “ಕರ್ಸಿ ಆ ಹುಡುಗೀನ. ಕೂರ್ಸಿ ಹೇಳಿ.”

ವರದಿಗಾರ್ತಿ ಮತ್ತೆ ಬಂದಳು. ಈ ಸಲ ಭಾವ ಆಕೆಗೆ ಕುರ್ಚಿ ಕೊಟ್ಟು, ‘ಮಧ್ಯದ ಸೀಟು’ ಹಾಕಿ, ವಕೀಲರ ಸೋಫಾದ ಪಟ್ಟಿ ಕಿತ್ತು ಎದುರಿಗಿಟ್ಟುಕೊಂಡ. ಹಾಡಿನ ಜೊತೆಗೇ ಮೊಳೆ ಹೊಡೆಯತೊಡಗಿದ. ಮೊದಲ ಸಾಲಿಗೆ ಎರಡೂ ಒಟ್ಟಿಗಿದ್ದವು. ಎರಡನೆಯದಕ್ಕೆ ಸುತ್ತಿಗೆ ಒಂದು ಕೂದಲು ಮುಂದೆ. ಪಲ್ಲವಿಗೆ ಒಂದು ಹೆಜ್ಜೆ ಮುಂದೆ. ಆಕೆ ತಲೆಯೆತ್ತಿ ಸ್ಪೀಕರನ್ನು ನೋಡಿದಳು, ಸುತ್ತಿಗೆಯನ್ನು ನೋಡಿದಳು. ಉರುಳು ಬರುವ ಹೊತ್ತಿಗೆ ಭಾವ ತನ್ನ ಕೊನೆಯ ಮೊಳೆ ಹೊಡೆದು ಮುಗಿಸಿ, ಕೈಕಟ್ಟಿ ಕೂತಿದ್ದ. ಕಡಲೆಕಾಳು ಮಾತ್ರ ಸ್ಪೀಕರಿನಿಂದ ಒಂದೊಂದಾಗಿ, ಅಚ್ಚುಕಟ್ಟಾಗಿ ಸುರಿಯಿತು.

ಆಕೆ ಪೆನ್ನು ಕೆಳಗಿಟ್ಟಳು. “ಹಾಗಾದ್ರೆ ಆ ಸುತ್ತಿಗೆ ಮಾತು...”

ಭಾವ ತಲೆ ತಗ್ಗಿಸಿದ.

“ಇದನ್ನೂ ಬರೀಲಾ?”

ಭಾವ ಡಬ್ಬಿಗೆ ಕೈಹಾಕಿ ಒಂದು ಹಿಡಿ ಮೊಳೆ ತೆಗೆದು ತುಟಿಗಳ ನಡುವೆ ಕಚ್ಚಿಕೊಂಡ. ಆಮೇಲೆ ಕೆಂಪಾದ ಕಿವಿಗಳ ಸಮೇತ, ಅವಸರವಿಲ್ಲದೆ, ಹೌದೆಂದು ತಲೆಯಾಡಿಸಿದ.